ತನಿಖಾ ವರದಿಯ ಖರ್ಚು ಯಾರದು?



ಸುದ್ದಿಗೆ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ನೀವು ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಗಿರುವ ಬೆಲೆಯನ್ನು ತೋರಿಸಬಹುದು. ಆದರೆ ಆ ಕೆಲವು ರೂಪಾಯಿಗಳು ಕಾಗದಕ್ಕೂ ಮುದ್ರಣಕ್ಕೂ ಸಾಲುವುದಿಲ್ಲ. ಉಳಿದ ಖರ್ಚನ್ನು ತುಂಬಿಕೊಡುವುದು ಜಾಹೀರಾತು. ಸಚಿವರೊಬ್ಬರ ಭಾಷಣವನ್ನು ವರದಿ ಮಾಡಲು ಒಂದು ಸಂಜೆ ಸಾಕು. ಆದರೆ ಯಾರೋ ಮುಚ್ಚಿಟ್ಟಿರುವ ಸಂಗತಿಯನ್ನು ಹೊರತೆಗೆಯಲು ತಿಂಗಳುಗಳೇ ಬೇಕಾಗುತ್ತವೆ. ಅಷ್ಟು ಕಾಲ ಆ ವರದಿಗಾರನ ಊಟ, ಬಸ್ಸು, ಮನೆಬಾಡಿಗೆ ನಡೆಯುವುದು ಹೇಗೆ? ಈ ಪ್ರಶ್ನೆಯನ್ನೇ ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಬಹಳ ವರ್ಷಗಳ ಹಿಂದೆ ನಾನು ಒಂದು ತಾಲ್ಲೂಕು ಕೇಂದ್ರದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳುಹಿಸುತ್ತಿದ್ದೆ. ಸಂಬಳವಿರಲಿಲ್ಲ. ಅಚ್ಚಾದ ಸುದ್ದಿಯನ್ನು ಅಳೆದು, ಅಂಗುಲದ ಲೆಕ್ಕದಲ್ಲಿ ಸಂಭಾವನೆ ಕೊಡುತ್ತಿದ್ದರು. ಒಂದು ದಿನ ಬಸ್ ನಿಲ್ದಾಣದಲ್ಲಿ ವಯಸ್ಸಾದ ರೈತರೊಬ್ಬರು ನನ್ನನ್ನು ನಿಲ್ಲಿಸಿ, "ನಮ್ಮ ಕೆರೇಲಿ ಒಂದು ಗಾಡಿ ಹೂಳೂ ಎತ್ತಿಲ್ಲ ಸ್ವಾಮಿ, ಬಿಲ್ಲು ಮಾತ್ರ ಆಗೋಗದೆ. ಒಂದಿಷ್ಟು ಬರೀರಿ" ಎಂದರು. ಬರೆಯಬೇಕಾದರೆ ಕೆರೆಯನ್ನು ನೋಡಬೇಕು, ಎಂಜಿನಿಯರರ ಅಳತೆ ಪುಸ್ತಕವನ್ನು ನೋಡಬೇಕು, ಗುತ್ತಿಗೆದಾರನನ್ನು ಹುಡುಕಬೇಕು. ಕನಿಷ್ಠ ಹತ್ತು ಸಲ ಓಡಾಟ. ಇಷ್ಟಾದ ಮೇಲೂ ಅಚ್ಚಾಗುವುದು ನಾಲ್ಕು ಅಂಗುಲ, ಅದೂ ಅಚ್ಚಾದರೆ. ಮುಂದಿನ ವಾರ ಬರುತ್ತೇನೆಂದು ಅವರಿಗೆ ಹೇಳಿದೆ. ಹೋಗಲಿಲ್ಲ.

ಇದು ನನ್ನೊಬ್ಬನ ಸೋಮಾರಿತನದ ಕಥೆ ಎಂದು ನೀವು ನಗಬಹುದು, ಅದರಲ್ಲಿ ಸ್ವಲ್ಪ ನಿಜವೂ ಇದೆ! ಆದರೆ ಹೀಗೆ ಬರೆಯದೇ ಉಳಿದ ಸುದ್ದಿ ಎಷ್ಟೋ. ಯಾರೂ ಬರೆಯದ ಕಾರಣ, ಅದು ಉಳಿದುಹೋಯಿತೆಂಬುದೇ ನಮಗೆ ತಿಳಿಯುವುದಿಲ್ಲ.

ಈಗ ಇನ್ನೊಂದು ಪ್ರಸಂಗ. ಇದು ಅಮೆರಿಕೆಯದು, ವಿಯೆಟ್ನಾಂ ಯುದ್ಧದ ಕಾಲದ್ದು. 1968ರ ಮಾರ್ಚ್ 16ರಂದು ಅಮೆರಿಕದ ಸೈನ್ಯದ ಒಂದು ತುಕಡಿ ಮೈ ಲಾಯ್ ಎಂಬ ಹಳ್ಳಿಗೆ ನುಗ್ಗಿ ನಿರಾಯುಧರಾದ ಹೆಂಗಸರು, ಮಕ್ಕಳು, ಮುದುಕರನ್ನು ಕೊಂದುಹಾಕಿತು. ವಿಯೆಟ್ನಾಮಿನವರ ಲೆಕ್ಕದಲ್ಲಿ ಸತ್ತವರು 504 ಮಂದಿ. ಆದರೆ ಸೈನ್ಯ ಪ್ರಕಟಿಸಿದ್ದು 128 ಶತ್ರುಗಳನ್ನು ಕೊಂದ ವಿಜಯವಾರ್ತೆಯನ್ನು! ಒಂದೂವರೆ ವರ್ಷಕ್ಕೂ ಮೀರಿ ಹೊರಜಗತ್ತು ಅದನ್ನೇ ನಂಬಿತ್ತು. ರಾನ್ ರೈಡನೌರ್ ಎಂಬ ಮಾಜಿ ಸೈನಿಕ ತನ್ನ ಗೆಳೆಯರಿಂದ ಕೇಳಿದ್ದನ್ನು ಬರೆದು ಸಂಸದರಿಗೂ ಅಧಿಕಾರಿಗಳಿಗೂ ಪತ್ರ ಕಳುಹಿಸಿದ. ಸೈನ್ಯ ಒಳಗೊಳಗೇ ವಿಚಾರಣೆ ನಡೆಸಿ, 1969ರ ಸೆಪ್ಟೆಂಬರಿನಲ್ಲಿ ವಿಲಿಯಂ ಕ್ಯಾಲಿ ಎಂಬ ಲೆಫ್ಟಿನೆಂಟನ ಮೇಲೆ ಆರೋಪ ಹೊರಿಸಿತು. ಪತ್ರಿಕೆಗಳಲ್ಲಿ ಅದು ಒಳಪುಟದ ಕೆಲವೇ ಸಾಲುಗಳ ಸುದ್ದಿಯಾಯಿತು. ಎಷ್ಟು ಜನರನ್ನು ಕೊಂದ ಆರೋಪ ಎಂಬುದು ಅದರಲ್ಲಿರಲಿಲ್ಲ.

ಸೀಮೋರ್ ಹರ್ಷ್ ಆಗ ಯಾವ ಪತ್ರಿಕೆಯ ನೌಕರಿಯಲ್ಲೂ ಇರಲಿಲ್ಲ. ವಕೀಲನೊಬ್ಬ ಫೋನಿನಲ್ಲಿ ಕೊಟ್ಟ ಸುಳಿವು ಬಿಟ್ಟರೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಕ್ಯಾಲಿಯ ವಕೀಲನನ್ನು ಕಾಣಲು ವಾಷಿಂಗ್ಟನ್ನಿನಿಂದ ಸಾಲ್ಟ್ ಲೇಕ್ ಸಿಟಿಗೆ ಹೋಗಬೇಕು. ದೇಶದ ಅರ್ಧಕ್ಕಿಂತ ಹೆಚ್ಚು ದೂರ. ಅಲ್ಲಿಂದ ಜಾರ್ಜಿಯಾದ ಫೋರ್ಟ್ ಬೆನಿಂಗ್ ಎಂಬ ಬೃಹತ್ ಸೈನಿಕ ನೆಲೆಯಲ್ಲಿ ಕ್ಯಾಲಿಯನ್ನು ಹುಡುಕಬೇಕು. ವಿಮಾನ ಟಿಕೆಟ್, ಬಾಡಿಗೆ ಕಾರು, ದೂರದೂರಿನ ಫೋನ್ ಕರೆಗಳು. ಕೊನೆಗೆ ಸುದ್ದಿ ಸುಳ್ಳಾದರೆ ಈ ಖರ್ಚು ನೀರಿನಲ್ಲಿ ಹೋಮ.

ಅದೇ ವರ್ಷ ಫಿಲಿಪ್ ಸ್ಟರ್ನ್ ಎಂಬ ಶ್ರೀಮಂತ ಲೇಖಕ 'ಫಂಡ್ ಫಾರ್ ಇನ್ವೆಸ್ಟಿಗೇಟಿವ್ ಜರ್ನಲಿಸಂ' ಎಂಬ ನಿಧಿಯನ್ನು ಸ್ಥಾಪಿಸಿದ್ದ. ಆ ನಿಧಿಯ ದಾಖಲೆಯ ಪ್ರಕಾರ ಹರ್ಷ್‌ಗೆ ಮೊದಲು ದೊರೆತದ್ದು 250 ಡಾಲರ್, ಆಮೇಲೆ ಕೆಲಸ ಮುಗಿಸಲು 2,000 ಡಾಲರ್. ಒಂದು ದೊಡ್ಡ ಪತ್ರಿಕೆಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಆದರೆ ಬೇಕಾದ ಗಳಿಗೆಯಲ್ಲಿ ಬಂತು. ಹರ್ಷ್ ವಕೀಲನನ್ನು ಕಂಡ, ದಿನವಿಡೀ ಸೈನಿಕ ನೆಲೆಯಲ್ಲಿ ಅಲೆದು ಕ್ಯಾಲಿಯನ್ನೂ ಕಂಡ. ಕ್ಯಾಲಿಯ ಮೇಲಿದ್ದದ್ದು 109 ಜನರ ಕೊಲೆಯ ಆರೋಪ!

ಇಲ್ಲೊಂದು ಸ್ವಾರಸ್ಯವಿದೆ. ವರದಿ ಸಿದ್ಧವಾದ ಮೇಲೆ 'ಲೈಫ್' ಮತ್ತು 'ಲುಕ್' ಎಂಬ ಪ್ರಸಿದ್ಧ ಪತ್ರಿಕೆಗಳು ಅದನ್ನು ಬೇಡವೆಂದವು. ಡೇವಿಡ್ ಒಬ್ಸ್ಟ್ ಎಂಬ ಇಪ್ಪತ್ತು ದಾಟಿದ ಯುವಕನ ಪುಟ್ಟ ಸುದ್ದಿಸಂಸ್ಥೆ ಪತ್ರಿಕೆಗಳಿಗೆ ಒಂದೊಂದಾಗಿ ಫೋನ್ ಮಾಡಿ, ತಲಾ 100 ಡಾಲರಿಗೆ ಅದನ್ನು ಮಾರಿತು. 1969ರ ನವೆಂಬರ್ 13ರಂದು ಮೂವತ್ತಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅದು ಪ್ರಕಟವಾಯಿತು. ನಂತರ ಹರ್ಷ್ ಇಂಡಿಯಾನಾದ ಒಂದು ತೋಟದ ಮನೆಗೆ ಹೋಗಿ, ಆ ದಿನ ಗುಂಡು ಹಾರಿಸಿದ ಸೈನಿಕನೊಬ್ಬನನ್ನೇ ಮಾತನಾಡಿಸಿದ. ನಾನು ಒಳ್ಳೆಯ ಹುಡುಗನನ್ನು ಕಳುಹಿಸಿಕೊಟ್ಟಿದ್ದೆ, ಅವರು ಅವನನ್ನು ಕೊಲೆಗಾರನನ್ನಾಗಿ ಮಾಡಿದರು ಎಂಬ ಅರ್ಥದ ಮಾತನ್ನು ಆ ಸೈನಿಕನ ತಾಯಿ ಆಡಿದಳು. ಆ ಮಾತು ಫೋನಿನಲ್ಲಿ ಸಿಕ್ಕುತ್ತಿರಲಿಲ್ಲ, ಅವಳ ಬಾಗಿಲಿಗೇ ಹೋಗಬೇಕಾಗಿತ್ತು. 1970ರಲ್ಲಿ ಹರ್ಷ್‌ಗೆ ಪುಲಿಟ್ಜರ್ ಪ್ರಶಸ್ತಿ ಬಂತು. 1971ರಲ್ಲಿ ಕ್ಯಾಲಿ ಅಪರಾಧಿ ಎಂದು ತೀರ್ಪಾಯಿತು. ಜೀವಾವಧಿ ಶಿಕ್ಷೆಯಾದರೂ ಕೆಲವೇ ವರ್ಷಗಳಲ್ಲಿ ಬಿಡುಗಡೆ ಹೊಂದಿದ.

ಹಾಗಾದರೆ ಹಣವಂತರು ಕೊಟ್ಟರೆ ಎಲ್ಲವೂ ಸರಿಹೋಯಿತೇ? ನೀವು ಈ ಪ್ರಶ್ನೆಯನ್ನು ಕೇಳಲೇಬೇಕು. ದಕ್ಷಿಣೆ ಕೊಟ್ಟವರನ್ನು ಹರಸುವುದು ಲೋಕರೂಢಿ. ಸಕ್ಕರೆ ಕಾರ್ಖಾನೆಯ ಮಾಲೀಕನ ದಾನದಿಂದ ಬದುಕುವ ಪತ್ರಿಕೆ, ಅದೇ ಕಾರ್ಖಾನೆ ನದಿಗೆ ಬಿಡುವ ಕೊಳಕು ನೀರಿನ ಬಗ್ಗೆ ಬರೆದೀತೇ? ದಾನಿ ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ. ಮುಂದಿನ ವರ್ಷದ ಅನುದಾನದ ನೆನಪೇ ಲೇಖನಿಯನ್ನು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಇಂಥ ನಿಧಿಗಳಲ್ಲಿ ಒಳ್ಳೆಯವು ಕೆಲವು ಕಟ್ಟುಪಾಡುಗಳನ್ನು ಇಟ್ಟುಕೊಂಡಿರುತ್ತವೆ. ವರದಿಗಾರ ತನ್ನ ವಿಷಯ, ಕೈಯಲ್ಲಿರುವ ಪುರಾವೆ, ಬೇಕಾದ ಖರ್ಚಿನ ಪಟ್ಟಿಯನ್ನು ಬರೆದು ಅರ್ಜಿ ಹಾಕುತ್ತಾನೆ. ಅನುಭವಿ ಪತ್ರಕರ್ತರ ಸಮಿತಿ ಅದನ್ನು ತೂಗಿ ನೋಡುತ್ತದೆ. ಹಣ ಕೊಟ್ಟವರು ಪ್ರಕಟಣೆಗೆ ಮೊದಲು ವರದಿಯನ್ನು ಓದುವಂತಿಲ್ಲ. ಯಾರು ಎಷ್ಟು ಕೊಟ್ಟರೆಂಬುದು ಬಹಿರಂಗವಾಗಿರಬೇಕು. ಈ ಕೊನೆಯದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ದಾನಿಯ ಹೆಸರು ಗೊತ್ತಿದ್ದರೆ, ಯಾವ ಸುದ್ದಿ ಬರಲಿಲ್ಲ ಎಂಬುದನ್ನು ಓದುಗನೇ ಗಮನಿಸಬಹುದು.

ನಮ್ಮ ದೇಶದ ಉದಾಹರಣೆಯನ್ನೂ ಹೇಳುತ್ತೇನೆ. ಪಿ. ಸಾಯಿನಾಥ್ ಅವರು 1993ರಲ್ಲಿ ಟೈಮ್ಸ್ ಆಫ್ ಇಂಡಿಯಾದ ಫೆಲೋಶಿಪ್ ಪಡೆದು, ದೇಶದ ಅತ್ಯಂತ ಬಡ ಜಿಲ್ಲೆಗಳಲ್ಲಿ ತಿಂಗಳುಗಟ್ಟಲೆ ತಿರುಗಿದರು. ಎಷ್ಟೋ ದಾರಿ ಕಾಲ್ನಡಿಗೆಯದೇ. ಹಣ ಮುಗಿದ ಮೇಲೆ ಸ್ವಂತ ಉಳಿತಾಯವನ್ನು ಕರಗಿಸಿದರು. ಆ ವರದಿಗಳು 1996ರಲ್ಲಿ ಪುಸ್ತಕವಾದವು. ಕನ್ನಡದಲ್ಲಿ ಅದು 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂಬ ಹೆಸರಿನಲ್ಲಿ ಬಂದಿದೆ. ನಿಮ್ಮ ಗ್ರಂಥಾಲಯದಲ್ಲಿ ಕೇಳಿ ನೋಡಿ. 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ, ಸ್ವತಂತ್ರ ಮಾಧ್ಯಮ ಸಂಸ್ಥೆಗಳಿಗೆ ಧನಸಹಾಯ ಕೊಡಲೆಂದು 'ಇಂಡಿಪೆಂಡೆಂಟ್ ಅಂಡ್ ಪಬ್ಲಿಕ್ ಸ್ಪಿರಿಟೆಡ್ ಮೀಡಿಯಾ ಫೌಂಡೇಶನ್' ಎಂಬ ಪ್ರತಿಷ್ಠಾನ ಹುಟ್ಟಿಕೊಂಡಿತು. ವಿದೇಶದ ದೇಣಿಗೆಯ ಮಾತು ಬೇರೆ. ನೋಂದಾಯಿತ ಪತ್ರಿಕೆಗಳ ಸಂಪಾದಕರು, ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು ಅದನ್ನು ಪಡೆಯುವುದನ್ನು ನಮ್ಮ ಕಾನೂನು 1976ರಿಂದಲೇ ನಿಷೇಧಿಸಿದೆ. ಆದ್ದರಿಂದ ಹಣ ಇಲ್ಲಿಯೇ ಹುಟ್ಟಬೇಕು.

ಓದುಗರೇ ದಾನಿಗಳಾಗುವ ಮಾರ್ಗವೂ ಉಂಟು. ಪಿ. ಲಂಕೇಶರು 1980ರಲ್ಲಿ 'ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿ ಜಾಹೀರಾತು ಇಲ್ಲದೆಯೇ ನಡೆಸಿದರು. ವಾರವಾರವೂ ಕೊಂಡು ಓದಿದವರ ಚಿಲ್ಲರೆಯಿಂದಲೇ ಅದು ಮುಖ್ಯಮಂತ್ರಿಗಳನ್ನು ಎದುರು ಹಾಕಿಕೊಂಡಿತು. ಆದರೆ ಅಂಥ ಓದುಗರನ್ನು ಗಳಿಸುವುದು ಎಲ್ಲರಿಗೂ ಸಾಧ್ಯವಿಲ್ಲ, ಎಲ್ಲ ಕಾಲದಲ್ಲೂ ಸಾಧ್ಯವಿಲ್ಲ. ತಾಲ್ಲೂಕಿನ ಒಬ್ಬ ಬಡ ವರದಿಗಾರನಿಗಂತೂ ಒಂದು ಸಣ್ಣ ಅನುದಾನವೇ ದಾರಿ.

ಆ ಕೆರೆಯ ವಿಷಯಕ್ಕೆ ಬರೋಣ. ಅಂದು ಅಳತೆ ಪುಸ್ತಕವನ್ನು ನೋಡಬೇಕಾದರೆ ಕಚೇರಿಯಲ್ಲಿ ಯಾರದಾದರೂ ಕೃಪೆ ಬೇಕಾಗಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ 10 ರೂಪಾಯಿಯ ಅರ್ಜಿ, ಪುಟಕ್ಕೆ 2 ರೂಪಾಯಿಯಂತೆ ಪ್ರತಿ. ನಿಮ್ಮೂರಿನ ಕೆರೆಯ ಲೆಕ್ಕವನ್ನು ನೀವೂ ಕೇಳಬಹುದು. ಕಾಗದ ಅಗ್ಗವಾಗಿದೆ. ಆದರೆ ಕಾಗದದಲ್ಲಿ ಬರೆದಷ್ಟು ಹೂಳು ನಿಜವಾಗಿ ಹೊರಬಿದ್ದಿದೆಯೇ ಎಂದು ನೋಡಲು ಈಗಲೂ ಕೆರೆಯ ಅಂಗಳಕ್ಕೆ ಇಳಿಯಬೇಕು, ಊರಿನವರ ಜೊತೆ ಕೂರಬೇಕು, ಬಸ್ಸಿಗೆ ದುಡ್ಡು ಬೇಕು.

ಆ ರೈತರನ್ನು ನಾನು ಮತ್ತೆ ಕಾಣಲಿಲ್ಲ. ಅದೇ ಕೆರೆಗೆ ಮತ್ತೊಮ್ಮೆ ಹೂಳೆತ್ತುವ ಕಾಮಗಾರಿ ಮಂಜೂರಾಯಿತೆಂಬ ಸುದ್ದಿಯನ್ನು ಮಾತ್ರ ಕೆಲವು ವರ್ಷಗಳ ನಂತರ ಓದಿದೆ. ಎರಡು ಅಂಗುಲದ ಸುದ್ದಿ ಅದು.