ತಳ್ಳೋಣವೋ, ಎತ್ತೋಣವೋ, ಎಸೆಯೋಣವೋ?

ಮಕ್ಕಳೇ, ಅಮೆರಿಕದ ಬಫಲೋ ನಗರ ಈರೀ ಎಂಬ ದೊಡ್ಡ ಸರೋವರದ ದಂಡೆಯಲ್ಲಿದೆ. ಚಳಿಗಾಲ ಶುರುವಾಗುವಾಗ ಸರೋವರದ ನೀರು ಇನ್ನೂ ಅಷ್ಟು ತಣ್ಣಗಾಗಿರುವುದಿಲ್ಲ, ಮೇಲೆ ಬೀಸುವ ಗಾಳಿ ಮಾತ್ರ ಕೊರೆಯುತ್ತಿರುತ್ತದೆ. ಆ ಗಾಳಿ ನೀರಿನ ತೇವ ಹೀರಿಕೊಂಡು, ದಡ ಸೇರಿದ ಮೇಲೆ ಹಿಮವಾಗಿ ಸುರಿಸುತ್ತದೆ. 2022ರ ನವೆಂಬರ್‌ನಲ್ಲಿ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 2 ಮೀಟರ್ ಹಿಮ ಬಿತ್ತು. ಇಂಥ ಊರಲ್ಲಿ ಮನೆಮುಂದಿನ ದಾರಿ ಬಿಡಿಸಲು ಸಣ್ಣ ಟ್ರ್ಯಾಕ್ಟರ್ ತುಂಬ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಯಾವ ಸಲಕರಣೆ ಜೋಡಿಸಬೇಕು? ಮೊದಲು ಹಿಮದ ತೂಕ ನೋಡೋಣ.

ದಾರಿ 10 ಮೀಟರ್ ಉದ್ದ, 3 ಮೀಟರ್ ಅಗಲ. ಮೇಲೆ 20 ಸೆಂಟಿಮೀಟರ್ ಹಿಮ. ಅಂದರೆ 6 ಘನ ಮೀಟರ್. ಆಗಷ್ಟೇ ಬಿದ್ದ ಹಗುರ ಹಿಮ ಘನ ಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗಾಳಿಯೇ! ಒಟ್ಟು 600 ಕಿಲೋ ಆಯಿತು. ಒದ್ದೆ ಹಿಮ 300 ಕಿಲೋ ತೂಗಿದರೆ? ಅದೇ ದಾರಿಯ ಮೇಲೆ 1,800 ಕಿಲೋ.

ತೆಳ್ಳಗೆ ಬಿದ್ದ ಹಿಮಕ್ಕೆ ಬ್ಲೇಡ್ ಸಾಕು. ಅದನ್ನು ಓರೆಯಾಗಿ ಇಟ್ಟರೆ ಹಿಮ ಮುಂದೆ ಗುಡ್ಡೆಯಾಗದೆ ಪಕ್ಕಕ್ಕೆ ಜಾರುತ್ತದೆ. ಆದರೆ ತಳ್ಳಲು ಚಕ್ರಕ್ಕೆ ಹಿಡಿತ ಬೇಕು. ಅದಕ್ಕೇ ಟೈರಿಗೆ ಸರಪಳಿ ಸುತ್ತುತ್ತಾರೆ, ಹಿಂಭಾಗಕ್ಕೆ ಭಾರ ಕಟ್ಟುತ್ತಾರೆ. ಪಕ್ಕದಲ್ಲಿ ಜಾಗ ತುಂಬಿಹೋದರೆ ಬಕೆಟ್‌ನಿಂದ ಎತ್ತಿ ಬೇರೆ ಕಡೆ ಸುರಿಯಬೇಕು, ಕೆಲಸ ನಿಧಾನ.

ಮತ್ತೆ ಮತ್ತೆ, ಆಳವಾಗಿ ಹಿಮ ಬೀಳುವಲ್ಲಿ ಸ್ನೋ ಬ್ಲೋವರ್ ಒಳ್ಳೆಯದು. ನಮ್ಮ ಹೊಲಗಳಲ್ಲಿ ಟ್ರ್ಯಾಕ್ಟರ್‌ನ ಪಿಟಿಒ ಶಾಫ್ಟ್ ರೋಟವೇಟರನ್ನು ತಿರುಗಿಸುತ್ತದಲ್ಲ, ಇದನ್ನು ತಿರುಗಿಸುವುದೂ ಅಂಥದ್ದೇ ಶಾಫ್ಟ್. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9! ಮುಂದಿನ ಉಕ್ಕಿನ ಸುರುಳಿ ಹಿಮವನ್ನು ಕೊರೆದು ನಡುವಿಗೆ ಎಳೆಯುತ್ತದೆ. ಹಿಂದಿನ ರೆಕ್ಕೆಚಕ್ರ ಅದನ್ನು ಕೊಳವೆಯ ಮೂಲಕ ದೂರ ಎಸೆಯುತ್ತದೆ. ಕೆನಡಾದ ಆರ್ಥರ್ ಸಿಕಾರ್ ಇಂಥ ಯಂತ್ರ ಕಟ್ಟಿ 1927ರಲ್ಲಿ ಮಾರಿದರು.

ಒದ್ದೆ ಹಿಮ ಕೊಳವೆಯಲ್ಲಿ ಅಂಟಿ ಕಟ್ಟಿಕೊಳ್ಳುತ್ತದೆ. ಆಗ ಕೈ ಹಾಕಲೇಬಾರದು. ದೊಡ್ಡವರೇ ಎಂಜಿನ್ ಆರಿಸಿ, ಎಲ್ಲವೂ ನಿಂತ ಮೇಲೆ ಕೋಲಿನಿಂದ ಬಿಡಿಸಬೇಕು. ಜಲ್ಲಿ ಹಾಸಿದ ದಾರಿಯಾದರೆ ಯಂತ್ರವನ್ನು ತುಸು ಎತ್ತರಿಸಿ ಓಡಿಸಬೇಕು. ಇಲ್ಲವಾದರೆ ಹಿಮದ ಜೊತೆ ಕಲ್ಲೂ ಹಾರುತ್ತದೆ.

ನಿಮ್ಮ ಮನೆಯ ಫ್ರೀಜರ್‌ನಲ್ಲಿ ಹಿಮದ ಪುಡಿ ಕಟ್ಟಿದ್ದರೆ ಒಂದು ಲೋಟಕ್ಕೆ ಸಡಿಲವಾಗಿ ತುಂಬಿ. ಕರಗಿದ ಮೇಲೆ ನೀರು ಎಷ್ಟೆತ್ತರ ನಿಂತಿತು, ಅಳೆಯಿರಿ. ಇನ್ನೊಮ್ಮೆ ಒತ್ತಿ ತುಂಬಿ ಅಳೆಯಿರಿ. ಲೋಟ ಒಂದೇ ಆದರೂ ತೂಕ ಬೇರೆ ಏಕೆ ಎಂದು ನೀವೇ ಹೇಳಬಲ್ಲಿರಿ.