ತಿಂಗಳ ಕೊನೆಯ ಅಡುಗೆ: ಸೊಪ್ಪು, ಸಿಪ್ಪೆ ಮತ್ತು ಒಂದು ಡಬ್ಬಿ ಬೋಟಿ

(ಈ ವಾರದ ಸಂಚಿಕೆಯ ಅಕ್ಷರ ರೂಪ)



ಇವತ್ತು ತಾರೀಖು 26. ಸಂಬಳ ಬರೋಕೆ ಇನ್ನೂ ನಾಲ್ಕೈದು ದಿನ ಇದೆ. ಫ್ರಿಡ್ಜ್ ತೆಗೆದ್ರೆ ಕಾಲು ಭಾಗ ಎಲೆಕೋಸು, ಸೊಪ್ಪಿನ ಸಮೇತ ಎರಡು ಮೂಲಂಗಿ, ಬಾಡಿದ ಕೊತ್ತಂಬರಿ, ಒಂದು ಹೀರೇಕಾಯಿ. ಕೈ ತಾನಾಗೇ ಫುಡ್ ಆ್ಯಪ್ ಕಡೆ ಹೋಗುತ್ತೆ ಅಲ್ವಾ? ಒಂದು ನಿಮಿಷ ತಡೀರಿ.

ಮೊದಲು ಆ ಮೂಲಂಗಿ ಸೊಪ್ಪು. ನಾವು ಕಿತ್ತು ಬಿಸಾಕ್ತೀವಿ. ನಮ್ಮ ಮಂಡ್ಯ ಕಡೆ ಅದು ಬಸ್ಸಾರಿಗೆ ಹೋಗುತ್ತೆ. ಅರ್ಧ ಲೋಟ ತೊಗರಿಬೇಳೆ ಅಥವಾ ಹೆಸರುಕಾಳು ಮುಕ್ಕಾಲು ಬೇಯಿಸಿ. ಅದಕ್ಕೆ ಹೆಚ್ಚಿದ ಸೊಪ್ಪು, ಉಳಿದ ಎಲೆಕೋಸು ಹಾಕಿ, ಬೆಂದ ಮೇಲೆ ನೀರು ಬಸಿದುಕೊಳ್ಳಿ. ಆ ನೀರನ್ನ ಚೆಲ್ಲಬೇಡಿ, ಅದೇ ಕಟ್ಟು. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ ಹುರಿದು, ಕಾಯಿ, ಹುಣಸೆ, ಸಾರಿನ ಪುಡಿ, ಬೆಂದ ಕಾಳು ಒಂದು ಸೌಟು ಸೇರಿಸಿ ರುಬ್ಬಿ, ಉಪ್ಪು ಹಾಕಿ ಕಟ್ಟಿನಲ್ಲಿ ಕುದಿಸಿದ್ರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಹಾಕಿದ್ರೆ ಪಲ್ಯ. ಒಂದೇ ಪಾತ್ರೆ, ಎರಡು ಅಡುಗೆ. ಮಾರನೇ ದಿನ ಸಾರು ಇನ್ನೂ ರುಚಿ.

ಹೀರೇಕಾಯಿ ಸಿಪ್ಪೆಯನ್ನ ತೊಳೆದು, ಉದ್ದಿನಬೇಳೆ, ಮೆಣಸಿನಕಾಯಿ ಜೊತೆ ಎಣ್ಣೇಲಿ ಬಾಡಿಸಿ. ಹುಣಸೆ, ಉಪ್ಪು, ಸ್ವಲ್ಪ ಕಾಯಿ ಹಾಕಿ ರುಬ್ಬಿದ್ರೆ ಚಟ್ನಿ. ಕೊತ್ತಂಬರಿ ದಂಟು ಮಸಾಲೆ ರುಬ್ಬೋವಾಗ ಒಳಗೆ ಹೋಗ್ಲಿ, ಎಲೆಗಿಂತ ಅದರ ಘಮವೇ ಜೋರು. ಹೂಕೋಸಿನ ದಂಟಿನ ಮೇಲಿನ ನಾರು ತೆಗೆದು ಸಣ್ಣಗೆ ಹೆಚ್ಚಿದ್ರೆ ಹುಳಿಗೆ ಆಗುತ್ತೆ. ಆದ್ರೆ ಹಸಿರಾದ ಆಲೂಗಡ್ಡೆ ಸಿಪ್ಪೆಯಲ್ಲಿ ಮಾತ್ರ ಉಳಿತಾಯ ಮಾಡೋಕೆ ಹೋಗ್ಬೇಡಿ, ಅದು ವಿಷ. ಉಳಿದ ಅನ್ನವನ್ನೂ ರಾತ್ರಿಯಿಡೀ ಹೊರಗಿಡಬೇಡಿ. ಬಿಸಿ ಆರಿದ ಕೂಡಲೇ ಫ್ರಿಡ್ಜಲ್ಲಿಡಿ, ಮಾರನೇ ದಿನವೇ ಚಿತ್ರಾನ್ನ ಮಾಡಿ ಮುಗಿಸಿ.

ಇನ್ನು ಮಾಂಸ. ನಮ್ಮ ಏರಿಯಾದಲ್ಲಿ ಅರ್ಧ ಕೆಜಿ ಮಟನ್ ತಗೊಳ್ಳೋ ದುಡ್ಡಿಗೆ ನಾಲ್ಕು ಕಾಲು ಬಂದು ಇನ್ನೂ ಚಿಲ್ಲರೆ ಉಳಿಯುತ್ತೆ. "ಅಣ್ಣ, ಸುಟ್ಟು, ಕತ್ತರಿಸಿ ಕೊಡಿ" ಅಂದ್ರೆ ಅಂಗಡಿಯಲ್ಲೇ ಮಾಡಿಕೊಡ್ತಾರೆ. ಕಾಲಲ್ಲಿ ಮಾಂಸ ಕಮ್ಮಿ, ನರ-ಚರ್ಮ ಜಾಸ್ತಿ. ಅದನ್ನ ಅವಸರದಲ್ಲಿ ಬೇಯಿಸಿದ್ರೆ ರಬ್ಬರ್. ಕುಕ್ಕರಲ್ಲಿ ಸಣ್ಣ ಉರೀಲಿ ಮುಕ್ಕಾಲು ಗಂಟೆ ಬಿಟ್ರೆ ಆ ನರವೇ ಕರಗಿ ಸಾರಿಗೆ ಇಳಿಯುತ್ತೆ, ತುಟಿಗೆ ಅಂಟುತ್ತೆ. ಲಿವರ್ ಇದಕ್ಕೆ ಉಲ್ಟಾ. ಸಣ್ಣ ತುಂಡು ಮಾಡಿ, ಒಳಗಿನ ಕೆಂಪು ಹೋಗೋವರೆಗೆ ಮಾತ್ರ ಹುರೀರಿ. ಜಾಸ್ತಿ ಹೊತ್ತು ಬಿಟ್ರೆ ಗಟ್ಟಿಯಾಗುತ್ತೆ.

ಈಗ ಒಂದು ವಿಷಯ ಹೇಳ್ಬೇಕು. ನಾನು ಹಾಸ್ಟೆಲಲ್ಲಿದ್ದಾಗ ಒಂದು ಭಾನುವಾರ ನಮ್ಮವ್ವ ಸ್ಟೀಲ್ ಡಬ್ಬೀಲಿ ಬೋಟಿ ಗೊಜ್ಜು ಮಾಡಿ, ಊರಿಂದ ಬರೋರ ಕೈಲಿ ಕಳಿಸಿದ್ರು. ರೂಮಿನವರು "ಏನೋ ಇದು, ಕರುಳಾ?" ಅಂತ ನಕ್ಕರು. ನಾನು "ನಮ್ಮನೇದಲ್ಲ, ಪಕ್ಕದ ಮನೆಯವರು ಕೊಟ್ಟಿದ್ದು" ಅಂದೆ. ರಾತ್ರಿ ಯಾರಿಗೂ ಕಾಣದ ಹಾಗೆ ಡಸ್ಟ್‌ಬಿನ್ನಿಗೆ ಸುರಿದೆ. ಅವ್ವ ಫೋನ್ ಮಾಡಿ "ಉಪ್ಪು ಸರಿಯಾಗಿತ್ತಾ?" ಅಂದ್ರು. "ಚೆನ್ನಾಗಿತ್ತವ್ವ" ಅಂದೆ.

ಹೋದ ವರ್ಷ ಮೊದಲ ಸಲ ನಾನೇ ಬೋಟಿ ತಂದು ತೊಳೆದೆ. ಒಳಗು ಹೊರಗು ಮಾಡಿ, ಬಿಸಿನೀರು, ಉಪ್ಪು, ಅರಿಶಿನ ಹಾಕಿ ಉಜ್ಜಿ, ಮತ್ತೆ ತೊಳೆದು, ಮತ್ತೆ ಉಜ್ಜಿ... ಎರಡು ಗಂಟೆ ಹಿಡೀತು. ಸೊಂಟ ಬಿದ್ದೋಯ್ತು. ಆಗ ಗೊತ್ತಾಯ್ತು, ಬೋಟಿ ಅಂಗಡೀಲಿ ಮಾತ್ರ ಅಗ್ಗ. ನಾವು ಕೊಡದೇ ಉಳಿಸಿದ ದುಡ್ಡನ್ನ ಯಾರೋ ಅಡುಗೆಮನೇಲಿ ನಿಂತು ತೀರಿಸ್ತಾರೆ. ನಮ್ಮನೇಲಿ ಅದು ಯಾವಾಗ್ಲೂ ಅವ್ವನೇ.

ಹಾಗಾಗಿ "ಅಮ್ಮಂದಿರು ಎಷ್ಟು ಕಮ್ಮೀಲಿ ಮನೆ ನಡೆಸ್ತಿದ್ರು!" ಅಂತ ಬರೀ ಹೊಗಳೋದು ನನಗೆ ಈಗ ಸರಿ ಅನ್ಸಲ್ಲ. ಸೊಪ್ಪು ಬಿಡಿಸೋದು, ತೊಳೆಯೋದು, ಬೆಳ್ಳುಳ್ಳಿ ಸುಲಿಯೋದು, ಈ ಕೆಲಸ ಹಂಚ್ಕೊಳ್ಳಿ. ರೂಮಲ್ಲಿ ಮೂರು ಜನ ಇದ್ರೆ ಮೂರೂ ಜನ ಕೂರಿ. ಕೆಲಸದ ದಿನ ಬಸ್ಸಾರು, ಲಿವರ್. ಕಾಲು ಸೂಪು, ಬೋಟಿ ಭಾನುವಾರಕ್ಕೆ ಇರಲಿ.

ಆವತ್ತಿನ ಬೋಟಿ ಗೊಜ್ಜನ್ನ ಡಬ್ಬಿಗೆ ಹಾಕ್ಕೊಂಡು ಊರಿಗೆ ಹೋದೆ. ಹಾಸ್ಟೆಲಿನ ಕತೇನೂ ಹೇಳ್ದೆ. ಅವ್ವ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಒಂದು ತುತ್ತು ಮುದ್ದೆ ಜೊತೆ ತಿಂದು, "ಉಪ್ಪು ಕಮ್ಮಿ ಆಗದೆ ಕಣಪ್ಪ" ಅಂದ್ರು.

ನಿಮ್ಮನೇಲಿ ಯಾವ ಸಿಪ್ಪೆ, ಯಾವ ದಂಟು ಅಡುಗೆ ಆಗುತ್ತೆ? ಅದನ್ನ ಮಾಡೋರು ಯಾರು? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಈಗ ಆ್ಯಪ್ ಮುಚ್ಚಿ, ಫ್ರಿಡ್ಜ್ ತೆಗೀರಿ.