ಪುಟ ಬಿಡುವ ಮುನ್ನ



ಬ್ಯಾಂಕಿನ ಗುಮಾಸ್ತರಾದ ನಾವು ಬರೆದ ದೊಡ್ಡ ಮೊತ್ತದ ವೋಚರಿಗೆ ಇನ್ನೊಬ್ಬರ ರುಜು ಬೀಳದೆ ಹಣ ಹೊರಡದು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲಿನಲ್ಲೂ ಇಂಥದೇ ಪದ್ಧತಿಯುಂಟು.

ಅಲ್ಲಿ ಕಂಪ್ಯೂಟರಿನ ಸ್ಮರಣೆಯನ್ನು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ವಿಂಗಡಿಸುತ್ತಾರೆ. ಪುಟವನ್ನು ಎಷ್ಟು ಕೈಗಳು ಹಿಡಿದಿವೆಯೆಂಬ ಲೆಕ್ಕ ಸೊನ್ನೆಯಾದಾಗಲೇ ಅದರ ಬಿಡುಗಡೆ. ಒಂದು ಸಲ ಹೆಚ್ಚಾಗಿ ಕಳೆದರೆ, ಒಬ್ಬರು ಬಳಸುತ್ತಿರುವ ಪುಟವೇ ಇನ್ನೊಬ್ಬರ ಪಾಲಾಗಿ ಗುಟ್ಟು ಬಯಲಾದೀತು; ಕಳೆಯಲು ಮರೆತರೆ ಸ್ಮರಣೆ ಸೋರಿಹೋದೀತು.

ಆದುದರಿಂದ ಈ ತಿದ್ದುಪಡಿಗಳ ಪರಿಶೀಲಕರು, ಕೆಲಸ ನಡುವೆ ಕೆಟ್ಟು ಹಿಂದಿರುಗುವ ದಾರಿಯನ್ನೂ ನೋಡಬೇಕು. ತಪ್ಪು ಹೆಚ್ಚಾಗಿ ಅಡಗುವುದು ಅಲ್ಲಿ. ಒಪ್ಪಿದವರ ಹೆಸರು ತಿದ್ದುಪಡಿಯೊಡನೆಯೇ ದಾಖಲಾಗುತ್ತದೆ.

ನಮ್ಮ ಹಣ ಓಡಾಡುವ ಆಂಡ್ರಾಯ್ಡ್ ಫೋನುಗಳೂ ನಿಂತಿರುವುದು ಲಿನಕ್ಸಿನ ಮೇಲೆ. ಓದದೆ ಹಾಕಿದ ರುಜು ರುಜುವಲ್ಲ, ಬಂಧುಗಳೆ.